ಮಾವನಿಗೆ ಹಾಕಿದ ಬೀಗ

ಡ್ಯಾಫ್ನಿ ಮೊದಲ ಸಲ ಹೊಯ್ಗೆಬಜಾರಿನ ಆ ಮನೆಯ ಮೆಟ್ಟಿಲು ಹತ್ತಿದಾಗ ಉಮಾವತಿ ಮೀನು ತೊಳೆದ ನೀರನ್ನು ಅದೇ ಮೆಟ್ಟಿಲಿಗೆ ಸುರಿದಳು. ಕೈತಪ್ಪಿ ಬಿದ್ದ ನೀರು ಎಂದು ಯಾರೂ ತಿಳಿಯಬೇಕಾಗಿಲ್ಲ, ಬೇಕೆಂದೇ ಸುರಿದದ್ದು. ಕುತ್ತಿಗೆಗೆ ಗುರುತಿನ ಚೀಟಿ ನೇತುಹಾಕಿಕೊಂಡು, ಹೆಲ್ಮೆಟ್ಟನ್ನು ಕಂಕುಳಲ್ಲಿಟ್ಟುಕೊಂಡು, ಮುಖದ ತುಂಬ ನಗು ತಂದುಕೊಂಡು ಬರುವವರನ್ನು ಕಂಡರೆ ಅವಳಿಗೆ ಮೈ ಉರಿಯುತ್ತಿತ್ತು. ಅಂಥವರು ಪ್ರಶ್ನೆ ಕೇಳುತ್ತಾರೆ, ಫೋಟೊ ತೆಗೆಯುತ್ತಾರೆ, ಹೋಗುತ್ತಾರೆ. ಮತ್ತೆ ಅವರ ಮುಖ ಕಾಣಸಿಗುವುದು ಪೇಪರಿನಲ್ಲಿ.

ಈ ಹುಡುಗಿ ಹೋಗಲಿಲ್ಲ. ಒದ್ದೆಯಾದ ಚಪ್ಪಲಿಯನ್ನು ಬದಿಗೆ ಬಿಟ್ಟು ಬರಿಗಾಲಲ್ಲಿ ನಿಂತು, ತಾನು ಹಿರಿಯರ ನೆರವು ಕೇಂದ್ರದಿಂದ ಬಂದವಳು ಎಂದು ಹೇಳಿದಳು. ಮನೆಮನೆಗೆ ಹೋಗಿ ಯಾರಿಗೆ ಏನು ಬೇಕು ಎಂದು ನೋಡುವುದು, ಅದು ಊರಲ್ಲಿ ಎಲ್ಲಿ ಸಿಗುತ್ತದೋ ಅಲ್ಲಿಗೆ ಅವರನ್ನು ಮುಟ್ಟಿಸುವುದು ಅವಳ ಕೆಲಸ. ಒಬ್ಬರಿಗೆ ಪಿಂಚಣಿ, ಒಬ್ಬರಿಗೆ ಗಾಲಿಕುರ್ಚಿ, ಇನ್ನೊಬ್ಬರಿಗೆ ಮನೆಗೇ ಬಂದು ಗಾಯ ಕಟ್ಟುವ ನರ್ಸು. ಈ ಮನೆಯ ಬಗ್ಗೆ ಯಾರೋ ಫೋನು ಮಾಡಿದ್ದರಂತೆ. ಮುದುಕರೊಬ್ಬರನ್ನು ಒಳಗೆ ಹಾಕಿ ಹೊರಗಿನಿಂದ ಬೀಗ ಜಡಿಯುತ್ತಾರೆ, ಅವರು ಬಾಗಿಲು ಬಡಿದು ಬೊಬ್ಬೆ ಹೊಡೆಯುತ್ತಾರೆ ಎಂದು ದೂರು.

"ಹೌದು, ಹಾಕ್ತೇನೆ," ಎಂದಳು ಉಮಾವತಿ. "ಫೋನ್ ಮಾಡಿದವರಿಗೆ ಇಲ್ಲಿ ಬಂದು ಕೂತ್ಕೊಳ್ಳಿಕ್ಕೆ ಹೇಳಿ. ನಾನು ಬೀಗ ತೆಗಿತೇನೆ."

ಬೀಗದ ಒಳಗಿದ್ದವರು ವಾಸು, ಅವಳ ಸೋದರಮಾವ, ತಾಯಿಯ ಒಬ್ಬನೇ ತಮ್ಮ. ಒಂದು ಕಾಲದಲ್ಲಿ ಬೋಟಿನ ತಾಂಡೇಲ. ಚುಕ್ಕಾಣಿ ಹಿಡಿಯುವವನೂ ಅವನೇ, ಹತ್ತು ಜನ ಖಲಾಸಿಗಳನ್ನು ಕುಣಿಸುವವನೂ ಅವನೇ ಎಂಬಂಥ ಆಸಾಮಿ. ಈಗ ತಲೆಯಲ್ಲಿ ಇವತ್ತಿನದು ಯಾವುದೂ ನಿಲ್ಲುವುದಿಲ್ಲ. ನಿಲ್ಲುವುದು ಆ ಬೋಟು ಒಂದೇ, ಅದನ್ನು ಗುಜರಿಗೆ ಹಾಕಿ ಎಷ್ಟೋ ವರ್ಷವಾಗಿದೆ. ಬೆಳಗಾದರೆ ಎದ್ದು ಬೋಟುಗಳು ಬಂದು ನಿಲ್ಲುವ ದಕ್ಕೆಗೆ ಹೊರಡುವುದು, ದಾರಿಯಲ್ಲಿ ಸಿಕ್ಕಿದವರನ್ನೆಲ್ಲ ಬೋಟು ಬಂತಾ ಎಂದು ಕೇಳುವುದು. ಕಳೆದ ಮಳೆಗಾಲದಲ್ಲಿ ದಕ್ಕೆಯ ದಾರಿ ತಪ್ಪಿ ಪಂಪ್‌ವೆಲ್ ಮೇಲ್ಸೇತುವೆಯ ಕೆಳಗೆ, ನಾಲ್ಕು ಕಡೆಯಿಂದ ಬರುವ ಬಸ್ಸುಗಳ ನಡುವೆ, ಹರಿದ ಬನಿಯನಿನಲ್ಲಿ ನಿಂತಿದ್ದರು. ಗುರುತು ಹಿಡಿದು ರಿಕ್ಷಾದಲ್ಲಿ ಹಾಕಿಕೊಂಡು ಬಂದವನು ಶಫೀಕ್. ಬಾಡಿಗೆ ಕೂಡ ತೆಗೆದುಕೊಳ್ಳಲಿಲ್ಲ. ಇನ್ನೊಂದು ಸಲವೂ ನನ್ನ ಕಣ್ಣಿಗೇ ಬೀಳುತ್ತಾರೆ ಎಂದಿಲ್ಲ ಅಕ್ಕ ಎಂದು ಹೇಳಿ ಹೋದ. ಅವತ್ತೇ ಉಮಾವತಿ ಬೀಗ ತಂದಳು.

ತರದೆ ಏನು ಮಾಡಬೇಕಿತ್ತು? ಅವಳು ಮಾರ್ಕೆಟ್ಟಿನಲ್ಲಿ ಮೀನು ಕತ್ತರಿಸಿ ಕೊಡುವವಳು. ಬೆಳಗ್ಗೆ ಹೋದರೆ ಮಧ್ಯಾಹ್ನದವರೆಗೆ ಕತ್ತಿ ಕೆಳಗಿಡುವ ಹಾಗಿಲ್ಲ. ಗಂಡ ತೀರಿಹೋಗಿದ್ದ, ಮಕ್ಕಳಾಗಿರಲಿಲ್ಲ. ಮನೆಯಲ್ಲಿ ಇದ್ದದ್ದು ಅವಳು, ಮಾವ, ಮತ್ತು ಆ ಬೀಗ. ದಿನಾ ಬೆಳಗ್ಗೆ ಅವಳು ಬೀಗ ಹಾಕಿದ ಕೂಡಲೆ ಒಳಗಿನಿಂದ ಬಡಿತ ಶುರುವಾಗುತ್ತಿತ್ತು, ಹಿಂದೆಯೇ ಬೈಗುಳ. ಬೋಟಿನಲ್ಲಿ ಖಲಾಸಿಗಳಿಗೆ ಬೈಯುತ್ತಿದ್ದ ಆ ಬೈಗುಳ ಓಣಿಯ ತಿರುವಿನವರೆಗೆ ಅವಳನ್ನು ಅಟ್ಟಿಸಿಕೊಂಡು ಬರುತ್ತಿತ್ತು. ತಿರುವಿನಲ್ಲಿ ಅವಳು ಒಂದು ಗಳಿಗೆ ನಿಂತು ಕೇಳಿ, ಇಷ್ಟು ಬೈಯುವಷ್ಟು ಗಟ್ಟಿ ಇದ್ದಾರಲ್ಲ ಎಂದುಕೊಂಡು ಬಸ್ಸು ಹತ್ತುತ್ತಿದ್ದಳು. ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡದ್ದು ಮಧ್ಯಾಹ್ನದವರೆಗೆ ಚುಚ್ಚುತ್ತಲೇ ಇರುತ್ತಿತ್ತು.

ಹಾಗಾಗಿ ಮಣ್ಣಗುಡ್ಡದಲ್ಲಿ ಒಂದು ಟ್ರಸ್ಟಿನವರು ಹಗಲು ಕೇಂದ್ರ ನಡೆಸುತ್ತಿದ್ದಾರೆ ಎಂದು ಡ್ಯಾಫ್ನಿ ಹೇಳಿದಾಗ ಉಮಾವತಿಯ ಕೈಯಲ್ಲಿದ್ದ ಮೀನಿನ ಕತ್ತಿ ಕೆಳಗಿಳಿಯಿತು. ಮರೆವಿನ ಕಾಯಿಲೆಯವರಿಗೆಂದೇ ಇರುವ ಜಾಗ. ಬೆಳಗ್ಗೆ ವ್ಯಾನು ಬಂದು ಕರೆದುಕೊಂಡು ಹೋಗುತ್ತದೆ, ಸಂಜೆ ತಂದು ಬಿಡುತ್ತದೆ. ಮಧ್ಯಾಹ್ನ ಊಟ, ನೋಡಿಕೊಳ್ಳಲು ನರ್ಸು, ಅಂಗಳದಲ್ಲಿ ಕೈಹಿಡಿದು ನಡೆಸುವವರು. ಬಾಗಿಲಿಗೆ ಬೀಗವಿಲ್ಲ, ಗೇಟಿನ ಹತ್ತಿರ ಒಬ್ಬ ಮನುಷ್ಯ ಕೂತಿರುತ್ತಾನೆ. ಉಮಾವತಿಗೆ ಆಸೆಯಾಯಿತು. ಆಸೆಯಾದದ್ದಕ್ಕೆ ತನ್ನ ಮೇಲೆಯೇ ಸಿಟ್ಟೂ ಬಂತು. ಮೆಟ್ಟಿಲ ಮೇಲಿನ ನೀರನ್ನು ಕಾಲಿನಿಂದ ಬದಿಗೆ ಸರಿಸಿ, ಕೂತ್ಕೊಳ್ಳಿ ಎಂದಳು.

ಆಗ ಡ್ಯಾಫ್ನಿ ಕೇಳಿದಳು, ಅವರಿಗೆ ಮಕ್ಕಳಿಲ್ಲವಾ ಎಂದು. ಇದ್ದಾರೆ, ದೊಡ್ಡವನು ಮಸ್ಕತ್ತಿನಲ್ಲಿ, ಚಿಕ್ಕವನು ಧನರಾಜ್ ಮಣ್ಣಗುಡ್ಡದಲ್ಲೇ, ಹಂಪನಕಟ್ಟೆಯಲ್ಲಿ ಚಪ್ಪಲಿ ಅಂಗಡಿ ಇಟ್ಟಿದ್ದಾನೆ ಎಂದು ಉಮಾವತಿ ಹೇಳಿದಳು. ಪಕ್ಕದ ಬೀದಿಯವರ ಸುದ್ದಿ ಹೇಳಿದಷ್ಟೇ ಸಲೀಸಾಗಿ ಹೇಳಿದಳು. ಅವಳ ಮನೆಯಲ್ಲಿ ಇನ್ನೂ ಅಳಿಯಕಟ್ಟು. ಗಂಡಸು ತಾನು ಹುಟ್ಟಿದ ಮನೆಯವನು, ಎಂದರೆ ತಾಯಿಯ ಮನೆಯವನು, ತಾಯಿ ಹೋದ ಮೇಲೆ ಅಕ್ಕತಂಗಿಯರ ಮನೆಯವನು. ಅವನ ಮಕ್ಕಳು ಅವರ ತಾಯಿಯ ಮನೆಯವರು. ಊರಲ್ಲಿ ಈಗ ಎಷ್ಟೋ ಕಡೆ ಇದೆಲ್ಲ ಬಿಟ್ಟುಹೋಗಿದೆ, ಆ ಮಾತು ಬೇರೆ. ಹೆಂಡತಿ ತೀರಿಕೊಂಡ ಮೇಲೆ ವಾಸು ತಮ್ಮ ಟ್ರಂಕು ಎತ್ತಿಕೊಂಡು ಅಕ್ಕನ ಮನೆಗೆ ಬಂದರು, ಟ್ರಂಕನ್ನು ರಿಕ್ಷಾಕ್ಕೆ ಹಾಕಿದವನು ಇದೇ ಧನರಾಜ್. ಯಾರೂ ಯಾರನ್ನೂ ಹೊರಗೆ ಹಾಕಿರಲಿಲ್ಲ. ಅಕ್ಕ ಹೋದಳು, ಅಕ್ಕನ ಮಗಳು ಉಳಿದಳು, ಅಷ್ಟೆ.

ಡ್ಯಾಫ್ನಿಗೆ ಇದು ಗೊತ್ತಿಲ್ಲ. ಅವಳ ಜನರಲ್ಲಿ ಅಪ್ಪನನ್ನು ನೋಡಿಕೊಳ್ಳುವವನು ಮಗ. ಮಗ ಒಂದೇ ಊರಲ್ಲಿದ್ದೂ ಅಪ್ಪ ಬೀಗದೊಳಗೆ ಇದ್ದಾನೆ ಎಂದರೆ ಆ ಮಗನಿಗೆ ನಾಚಿಕೆ ಬರಿಸಬೇಕು. ಅವಳ ಕೆಲಸದಲ್ಲಿ ಹೆಚ್ಚಿನ ಕಡೆ ಫಲ ಕೊಟ್ಟ ಮದ್ದು ಅದೇ. ಮೇಲಾಗಿ ಹಗಲು ಕೇಂದ್ರದ್ದೂ ಒಂದು ನಿಯಮವಿತ್ತು. ಹಿಂದೆ ಯಾರೋ ದೂರದ ಸಂಬಂಧಿಕರು ಒಬ್ಬ ಮುದುಕಿಯನ್ನು ಬಿಟ್ಟುಹೋಗಿ ಸಂಜೆ ಮನೆಯ ಬಾಗಿಲನ್ನೇ ತೆರೆದಿರಲಿಲ್ಲವಂತೆ. ಅಂದಿನಿಂದ ಹೆಂಡತಿ ಅಥವಾ ಮಕ್ಕಳು ಬಂದು ಕೇಳಿದರೆ ಮಾತ್ರ ಸೇರಿಸಿಕೊಳ್ಳುವುದು, ಸಂಜೆ ವ್ಯಾನು ಬಿಡುವುದೂ ಹಾಗೆ ಕೇಳಿದವರ ಮನೆಗೇ. ಇದನ್ನು ಉಮಾವತಿಗೆ ಬಿಡಿಸಿ ಹೇಳುವ ಬದಲು ಡ್ಯಾಫ್ನಿ, ಎಲ್ಲ ನಾನು ನೋಡಿಕೊಳ್ಳುತ್ತೇನೆ ಉಮಕ್ಕ ಎಂದು ಭರವಸೆ ಕೊಟ್ಟು ಕೆಳಗಿಳಿದಳು. ಪಕ್ಕದ ಮನೆಯಿಂದ ನಂಬರು ತೆಗೆದುಕೊಂಡು, ಸ್ಕೂಟರಿಗೆ ಒರಗಿ ನಿಂತು, ಧನರಾಜನಿಗೆ ಫೋನು ಮಾಡಿದಳು.

ಆದಿತ್ಯವಾರ ಧನರಾಜ್ ಬಂದ. ಕಾರು ಓಣಿಯೊಳಗೆ ಹಿಡಿಸಲಿಲ್ಲ. ಹೆಂಡತಿ ಸೌಜನ್ಯ ಗಾಜು ಏರಿಸಿಕೊಂಡು ಕಾರಿನಲ್ಲೇ ಕೂತಳು, ಇವನು ನಡೆದು ಬಂದ. ಸೋದರತ್ತೆಯ ಮಗಳನ್ನು ಅತ್ತಿಗೆ ಎಂದು ಕರೆಯುವುದು ಅವರಲ್ಲಿ ರೂಢಿ, ಇವನೂ ಚಿಕ್ಕಂದಿನಿಂದ ಹಾಗೇ ಕರೆದವನು. ಅವತ್ತು ಅತ್ತಿಗೆ ಎಂಬ ಮಾತು ಬಾಯಿಗೆ ಬರಲಿಲ್ಲ.

"ನಮ್ಮ ಅಪ್ಪನನ್ನು ದನ ಕಟ್ಟಿದ ಹಾಗೆ ಕಟ್ಟಿ ಹಾಕಿದ್ದೀಯಂತೆ ನೀನು," ಎಂದ.

ಅಲ್ಲಿಂದ ಶುರುವಾದ ಜಗಳ ಓಣಿಯ ಎರಡು ತುದಿಗೂ ಕೇಳಿಸಿತು. ಇಷ್ಟು ವರ್ಷ ಈ ಅಪ್ಪ ಎಲ್ಲಿದ್ದ ಎಂದು ಅವಳು ಕೇಳಿದಳು. ಹಬ್ಬಕ್ಕೆ ಬಟ್ಟೆ ತಂದುಕೊಟ್ಟವನು ಯಾರು ಎಂದು ಅವನು ಕೇಳಿದ. ಬಟ್ಟೆ ತಂದವನು, ಆ ಬಟ್ಟೆಯಲ್ಲಿ ಅಪ್ಪ ಉಚ್ಚೆ ಹೊಯ್ದಾಗ ತೊಳೆಯಲು ಬಂದನಾ ಎಂದಳು. ಇಬ್ಬರ ಮಾತಿನಲ್ಲೂ ಸತ್ಯವಿತ್ತು, ಇಬ್ಬರಿಗೂ ಅದು ಗೊತ್ತಿತ್ತು, ಆದ್ದರಿಂದಲೇ ಗಂಟಲು ಏರಿತು. ನೆರೆಯವರು ನೋಡಲು ಬಂದವರು ನೋಡುತ್ತಲೇ ನಿಂತರು. ಒಳಗೆ ವಾಸು ತಮ್ಮ ಪಾಡಿಗೆ ಗಂಜಿ ಉಣ್ಣುತ್ತಿದ್ದರು.

"ಮಗ ಇರುವಾಗ ದೂರದ ಸಂಬಂಧಿಕರ ಮನೆಯಲ್ಲಿ ಅವರು ಯಾಕೆ ಇರ್ಬೇಕು?" ಎಂದ ಧನರಾಜ್ ಕೊನೆಗೆ.

ದೂರದ ಸಂಬಂಧಿಕರು ಎಂಬುದು ಅವನ ಮಾತಲ್ಲ, ಡ್ಯಾಫ್ನಿ ಫೋನಿನಲ್ಲಿ ನಿಯಮ ಹೇಳುವಾಗ ಅವನ ಕಿವಿಗೆ ಬಿದ್ದದ್ದು. ಉಮಾವತಿ ಒಳಗೆ ಹೋಗಿ ಮಾವನ ಪಂಚೆ, ಹೆಗಲಿಗೆ ಹಾಕುವ ಬೈರಾಸು, ಮಾತ್ರೆಯ ಡಬ್ಬಿ ಎಲ್ಲವನ್ನೂ ಟ್ರಂಕಿಗೆ ತುಂಬಿ, ಆ ಟ್ರಂಕನ್ನು ತಾನೇ ಎಳೆದು ತಂದು ಓಣಿಯ ನಡುವೆ ಇಟ್ಟಳು. ಹಟವೆಂದರೆ ಹಟ. ವಾಸು ಟ್ರಂಕು ಕಂಡದ್ದೇ ಬೋಟು ಬಂತು ಎಂದುಕೊಂಡು ಮಗನಿಗಿಂತ ಮುಂದೆ ಮುಂದೆ ನಡೆದುಹೋದರು, ಹಿಂದೆ ತಿರುಗಿ ನೋಡಲಿಲ್ಲ. ನೋಡದೆ ಹೋದದ್ದು ಅವಳನ್ನು ಚುಚ್ಚಿತು.

ಮಾರನೆಯ ದಿನ ಸಂಜೆ ಡ್ಯಾಫ್ನಿ ಬಂದಳು, ಅದೇ ನಗು. ಮಗ ಕರೆದುಕೊಂಡು ಹೋದರಂತಲ್ಲ, ಒಳ್ಳೆಯದಾಯಿತು ಎಂದಳು. ಉಮಾವತಿ ಅವಳಿಗೆ ಕೂರಲು ಹೇಳಲಿಲ್ಲ.

"ಅವರು ಯಾವ ಮನೆಯವರು ಅಂತ ಕೇಳದೆ ನೀವು ಫೋನ್ ಮಾಡಿದ್ದು ಎಂತಕ್ಕೆ?"

"ಮಗ ಅಲ್ವಾ ಉಮಕ್ಕ?"

"ಮಗ ಅವನ ಅಮ್ಮನ ಮನೆಯವನು. ಮಾವ ನಮ್ಮ ಮನೆಯವರು. ನಿಮ್ಮಲ್ಲಿ ಹೇಗೆ ಉಂಟೋ ನನಗೆ ಬೇಡ. ಮಗನನ್ನು ಕರೆಸಿದ್ರೆ ನಾನು ಮಾವನನ್ನು ಮನೆಯಿಂದ ಹೊರಗೆ ಹಾಕಿದೆ ಅಂತ ನಮ್ಮಲ್ಲಿ ಅರ್ಥ. ಅದನ್ನು ನೀವು ಇಡೀ ಊರಿಗೆ ಸಾರಿದ್ರಿ."

ಡ್ಯಾಫ್ನಿಯ ನಗು ಹೋಯಿತು. ತನ್ನದು ತಪ್ಪಾಯಿತು ಎಂದಳು, ಎರಡು ಸಲ ಹೇಳಿದಳು. ಆಮೇಲೆ ಕೇಂದ್ರದ ನಿಯಮ ಹೇಳಿದಳು, ಮೊದಲೇ ಹೇಳಬೇಕಿತ್ತು. ಧನರಾಜನನ್ನು ಆ ಬಗ್ಗೆ ಕೇಳಿದ್ದಳಂತೆ. ನಮ್ಮ ಅಪ್ಪ ಏನು ಅನಾಥನಾ, ಅಂಥ ಕಡೆ ಬಿಡಲಿಕ್ಕೆ ಎಂದು ಅವನು ಫೋನು ಇಟ್ಟನಂತೆ. ಮನೆಯಲ್ಲೇ ಒಬ್ಬರನ್ನು ಇಟ್ಟು ನೋಡಿಕೊಳ್ಳುತ್ತಿದ್ದಾರಂತೆ. ಉಮಾವತಿ ಅವಳ ನಂಬರು ಕೇಳಿ ಬರೆಸಿಕೊಂಡು, ಇನ್ನು ಹೋಗಿ ಎಂದು ಬಾಗಿಲು ಹಾಕಿದಳು.

ಕೆಲವು ದಿನ ತಡೆದಳು. ಆಮೇಲೆ ಒಂದು ಮಧ್ಯಾಹ್ನ ಬೂತಾಯಿ ಮೀನಿನ ಹುಳಿಖಾರದ ಪುಳಿಮುಂಚಿ ಮಾಡಿ, ಡಬ್ಬಿಗೆ ಹಾಕಿ, ಮಾರ್ಕೆಟ್ಟಿನ ಸೀರೆಯಲ್ಲೇ ಮಣ್ಣಗುಡ್ಡಕ್ಕೆ ಹೋದಳು. ಧನರಾಜನ ಫ್ಲಾಟು ಮೂರನೇ ಮಾಳಿಗೆಯಲ್ಲಿ. ಬಾಗಿಲು ತೆರೆದಿತ್ತು. ಅದರ ಹೊರಗಿನ ಕಬ್ಬಿಣದ ಗ್ರಿಲ್ಲಿಗೆ ಬೀಗ ಹಾಕಿತ್ತು, ಅವಳ ಬೀಗಕ್ಕಿಂತ ದೊಡ್ಡದು. ನೋಡಿಕೊಳ್ಳಲು ಇಟ್ಟ ಜನದ ಸುಳಿವೇ ಇಲ್ಲ. ಅವನು ಅಂಗಡಿಗೆ, ಹೆಂಡತಿ ಶಾಲೆಗೆ ಪಾಠ ಮಾಡಲಿಕ್ಕೆ. ಗ್ರಿಲ್ಲಿನ ಸರಳು ಹಿಡಿದುಕೊಂಡು ವಾಸು ನಿಂತಿದ್ದರು. ಗಡ್ಡ ಬೆಳೆದಿತ್ತು. ಅವಳ ಮುಖವನ್ನು ಗುರುತಿಸಿದರೋ ಇಲ್ಲವೋ, ಕೇಳಿದ್ದು ಅದೇ ಪ್ರಶ್ನೆ.

"ಬೋಟು ಬಂತಾ?"

"ಇನ್ನೂ ಬರ್ಲಿಲ್ಲ ಮಾವ. ಕೂತ್ಕೊಳ್ಳಿ."

ಅವರು ಕೂತರು. ಯಾವಾಗಲೂ ಅವಳು ಹೇಳುತ್ತಿದ್ದದ್ದು ಇಷ್ಟೇ, ಅವರು ಯಾವಾಗಲೂ ಕೂರುತ್ತಿದ್ದರು. ಅವಳೂ ಹೊರಗೆ ಮೆಟ್ಟಿಲ ಮೇಲೆ ಕೂತು ಸರಳುಗಳ ನಡುವಿನಿಂದ ಒಂದೊಂದೇ ತುಂಡು ಮೀನು ಮುಳ್ಳು ಬಿಡಿಸಿ ಕೊಟ್ಟಳು. ತಾನೂ ಕಳೆದ ಮಳೆಗಾಲದಿಂದ ಇವರಿಗೆ ಬೀಗ ಹಾಕಿದವಳು ಎಂಬುದು ಅವಳ ನೆನಪಿನಲ್ಲಿ ಇರಲಿಲ್ಲ ಎಂದಲ್ಲ. ತನ್ನ ಬೀಗ ಬೇರೆ, ಅವನ ಬೀಗ ಬೇರೆ. ತನ್ನದು ಗತಿಯಿಲ್ಲದ್ದು, ಅವನದು ಜಂಬದ್ದು. ಕೇಂದ್ರದಲ್ಲಿ ಜಾಗ ಉಂಟು, ವ್ಯಾನು ಉಂಟು, ಇವನ ಒಂದು ಮಾತು ಇಲ್ಲ. ಅಂಗಡಿಗೆ ಬಂದವರ ಕಾಲಿಗೆಲ್ಲ ಬಾಗುವ ಮನುಷ್ಯನಿಗೆ ಅಪ್ಪನಿಗಾಗಿ ಬಾಯಿ ತೆರೆಯಲು ಮರ್ಯಾದೆ ಅಡ್ಡ.

ಮರುದಿನ ಅವಳು ಮಾರ್ಕೆಟ್ಟಿಗೆ ಹೋಗಲಿಲ್ಲ. ದಕ್ಕೆಯಲ್ಲಿ ಒಂದು ಬುಟ್ಟಿ ಬಂಗುಡೆ ಮೀನು ಕೊಂಡು, ಕತ್ತಿ ಮತ್ತು ಮರದ ದಿಮ್ಮಿಯನ್ನು ಶಫೀಕನ ರಿಕ್ಷಾದಲ್ಲಿ ಹೇರಿಸಿಕೊಂಡು, ನೇರ ಆ ಫ್ಲಾಟಿನ ಗೇಟಿನ ಎದುರು, ರಸ್ತೆ ಬದಿಯ ಮರದ ಕೆಳಗೆ ಕೂತಳು. ವಾಚ್‌ಮನ್ ಎಬ್ಬಿಸಲು ಬಂದ. ರಸ್ತೆ ನಿನ್ನ ಅಪ್ಪನದ್ದಾ ಎಂದು ಕೇಳಿ, ಎರಡು ಬಂಗುಡೆ ಕೈಗೆ ಹಾಕಿ ಕಳಿಸಿದಳು. ಹೊಳೆಯುವ ಮೀನು, ಅದೂ ಕತ್ತರಿಸಿ, ತೊಳೆದು, ಮಸಾಲೆ ಹಚ್ಚುವುದೊಂದೇ ಬಾಕಿ ಎಂಬಂತೆ ಕೊಟ್ಟರೆ ಮಣ್ಣಗುಡ್ಡದಲ್ಲಿ ಯಾರು ಬೇಡವೆನ್ನುತ್ತಾರೆ? ಒಬ್ಬರಾದ ಮೇಲೆ ಒಬ್ಬರು ಪಾತ್ರೆ ಹಿಡಿದು ಇಳಿದು ಬಂದರು. ಮೀನು ಕತ್ತರಿಸುವಷ್ಟು ಹೊತ್ತು ಕಾಯಲೇಬೇಕು, ಕಾಯುವಷ್ಟು ಹೊತ್ತು ಕೇಳಲೇಬೇಕು.

ಅವಳು ಹೇಳಿದಳು. ಮೂರನೇ ಮಾಳಿಗೆಯ ಚಪ್ಪಲಿ ಅಂಗಡಿಯವರ ಅಪ್ಪ, ನನ್ನ ಸೋದರಮಾವ, ಮೊದಲು ತಾಂಡೇಲ, ಈಗ ಗ್ರಿಲ್ಲಿನ ಒಳಗೆ. ಬೇಕಾದರೆ ಹತ್ತಿ ನೋಡಿ. ಇಲ್ಲೇ ಎರಡು ರಸ್ತೆ ಆಚೆ ಅವರನ್ನು ನೋಡಿಕೊಳ್ಳುವ ಜಾಗ ಉಂಟು, ಕೇಳಲಿಕ್ಕೆ ಮಗನಿಗೆ ನಾಚಿಕೆ. ಒಂದು ಬಂಗುಡೆಯ ಹೊಟ್ಟೆ ಸೀಳುವಷ್ಟರಲ್ಲಿ ಇಷ್ಟು ಮುಗಿಯುತ್ತಿತ್ತು, ಮುಂದಿನ ಬಂಗುಡೆಗೆ ಮತ್ತೆ ಮೊದಲಿನಿಂದ. ಕೆಲವರು ನಿಜವಾಗಿ ಹತ್ತಿ ನೋಡಿ ಬಂದರು. ಫ್ಲಾಟಿನವರ ವಾಟ್ಸಾಪ್ ಗುಂಪಿಗೆ ಗ್ರಿಲ್ಲಿನ ಫೋಟೊ ಹೋಯಿತು. ನಡುವೆ ಕೈ ತೊಳೆದುಕೊಂಡು ಅವಳು ಡ್ಯಾಫ್ನಿಗೂ ಫೋನು ಮಾಡಿದಳು. ಒಂದು ದೂರು ಉಂಟು, ಮುದುಕರೊಬ್ಬರನ್ನು ಒಳಗೆ ಹಾಕಿ ಬೀಗ ಜಡಿದಿದ್ದಾರೆ, ಬನ್ನಿ ಎಂದಳು.

ಬುಟ್ಟಿ ಖಾಲಿಯಾಗುವ ಮೊದಲು ಧನರಾಜ್ ಬಂದ. ಡ್ಯಾಫ್ನಿಯ ಸ್ಕೂಟರೂ ಅದೇ ಹೊತ್ತಿಗೆ ನಿಂತಿತು. ಅವನ ಮುಖ ಕೆಂಪಾಗಿತ್ತು, ಗೇಟಿನ ಹತ್ತಿರ ನಿಂತವರೆಲ್ಲ ಅವನನ್ನೇ ನೋಡುತ್ತಿದ್ದರು. ಇಡೀ ಬಿಲ್ಡಿಂಗಿನ ಎದುರು ತನ್ನ ಮಾನ ಕಳೆದಳು, ಇವಳಿಗೆ ಹುಳು ಬೀಳಲಿ ಎಂದೆಲ್ಲ ಕೂಗಾಡಿದ. ಉಮಾವತಿ ತಲೆಯೆತ್ತದೆ ಕತ್ತರಿಸುತ್ತಲೇ ಇದ್ದಳು. ಕೊನೆಗೆ ಅವನು ಜೇಬಿನಿಂದ ಕೀಲಿ ತೆಗೆದು ಅವಳ ದಿಮ್ಮಿಯ ಮೇಲೆ, ಮೀನಿನ ರಕ್ತದಲ್ಲಿ ಎಸೆದ.

"ಕರಕೊಂಡು ಹೋಗು. ನಿನ್ನ ಮಾವನನ್ನು ನೀನೇ ಕರಕೊಂಡು ಹೋಗು. ಇನ್ನು ನಮ್ಮನ್ನು ಕೇಳ್ಲಿಕ್ಕೆ ಬರಬೇಡ."

ಗೆದ್ದಿದ್ದಳು. ಇಷ್ಟು ಜನರ ಮುಂದೆ ಮಗನೇ ಒಪ್ಪಿಕೊಂಡಿದ್ದ, ವಾಸು ಯಾವ ಮನೆಯವರು ಎಂದು. ಅವಳು ಕೀಲಿಯನ್ನು ಎತ್ತಿ ಸೆರಗಿನಲ್ಲಿ ಒರೆಸಿದಳು. ಮಾವನನ್ನು ಇಳಿಸಿಕೊಂಡು ಬರಲು ಏಳುವವಳಿದ್ದಳು. ಆಗ ಡ್ಯಾಫ್ನಿ ಅವಳ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಳು. ಈ ಸಲ ನಗು ತಂದುಕೊಳ್ಳಲಿಲ್ಲ.

"ಉಮಕ್ಕ, ಈಗಲೇ ಹೇಳ್ತೇನೆ, ಆಮೇಲೆ ಹೇಳ್ಲಿಲ್ಲ ಅನ್ಬೇಡಿ. ನಿಮ್ಮ ಮನೆಗೆ ಹೋದ್ರೆ ಕೇಂದ್ರದವರು ಅವರನ್ನು ತಗೊಳ್ಳುದಿಲ್ಲ. ನಾನು ಅವರ ಹತ್ರ ಜಗಳ ಮಾಡಿ ನೋಡಿದೆ, ಅಕ್ಕನ ಮಗಳು ಲೆಕ್ಕಕ್ಕೆ ಇಲ್ಲ ಅಂತಾರೆ. ಇಲ್ಲಿದ್ರೆ, ಇವರು ಕೇಳಿದ್ರೆ, ನಾಳೆಯೇ ವ್ಯಾನ್ ಬರ್ತದೆ."

"ಸಂಜೆ ಇಲ್ಲಿಗೇ ಬಿಡುದಾ?"

"ಇಲ್ಲಿಗೇ."

ಉಮಾವತಿ ಅವಳ ಮುಖ ನೋಡಿದಳು. ಇವಳನ್ನು ಕಂಡರೆ ಆಗದು ಎಂಬುದು ಇನ್ನೂ ಹಾಗೆಯೇ ಇತ್ತು. ಸುಳ್ಳು ಹೇಳುವವಳಲ್ಲ ಎಂಬುದೂ ಗೊತ್ತಾಯಿತು. ಕರೆದುಕೊಂಡು ಹೋದರೆ ಮಾವ ತನ್ನವರು, ನಾಳೆ ಬೆಳಗ್ಗೆ ಮತ್ತೆ ಬೀಗ. ಬಿಟ್ಟುಹೋದರೆ ಬೀಗವಿಲ್ಲ, ಮಾವನೂ ಇಲ್ಲ. ಪಂಪ್‌ವೆಲ್ಲಿನ ಬಸ್ಸುಗಳ ನಡುವೆ ನಿಂತಿದ್ದ ಆ ಹರಿದ ಬನಿಯನು ಕಣ್ಣಿಗೆ ಬಂತು, ಬಾಗಿಲು ಬಡಿದು ಬಡಿದು ಬಾತುಹೋಗುತ್ತಿದ್ದ ಬೆರಳುಗಳೂ ಬಂದವು. ಅಳು ಬಂತು, ಅವನ ಎದುರು ಅಳಬಾರದು ಎಂದು ನುಂಗಿಕೊಂಡಳು. ಕೀಲಿಯನ್ನು ಧನರಾಜನ ಕಾಲಬುಡಕ್ಕೆ ಎಸೆದಳು.

"ಕೇಳು ಅವರ ಹತ್ರ. ನಿನ್ನ ಕೈಲಿ ಆಗುದಿಲ್ಲ ಅಂತ ಬಾಯಿಬಿಟ್ಟು ಹೇಳಿ ಕೇಳು."

ಅವನು ಸುತ್ತ ನೋಡಿದ. ಪಾತ್ರೆ ಹಿಡಿದ ಹೆಂಗಸರು ಯಾರೂ ಅಲ್ಲಾಡಲಿಲ್ಲ. ಹಗಲು ಹೊತ್ತು ಅಪ್ಪನನ್ನು ನೋಡಿಕೊಳ್ಳಲು ನಮ್ಮಿಂದ ಆಗುವುದಿಲ್ಲ ಎಂದು ಡ್ಯಾಫ್ನಿಗೆ ಮಾತ್ರ ಕೇಳುವಂತೆ ಹೇಳಿದ.

"ಜೋರಾಗಿ," ಎಂದಳು ಉಮಾವತಿ.

ಅವನು ಇನ್ನೊಮ್ಮೆ ಹೇಳಿದ, ಎಲ್ಲರಿಗೂ ಕೇಳಿಸಿತು.

ಮರುದಿನ ವ್ಯಾನು ಬರುವ ಹೊತ್ತಿಗೆ ಅವಳು ಗೇಟಿನ ಹೊರಗೆ, ಅದೇ ಮರದ ಕೆಳಗೆ ನಿಂತಿದ್ದಳು. ಧನರಾಜ್ ಅಪ್ಪನನ್ನು ಇಳಿಸಿಕೊಂಡು ಬಂದ. ವಾಸು ಬೋಟು ಬಂತಾ ಎಂದು ಕೇಳುತ್ತಿದ್ದರು, ಮಗ ಯಾವ ಬೋಟು ಅಪ್ಪ, ಬೋಟೂ ಇಲ್ಲ ಎಂತದೂ ಇಲ್ಲ ಎನ್ನುತ್ತಿದ್ದ. ಹಾಗೆ ಹೇಳಿದಷ್ಟೂ ಮುದುಕ ಕೈ ಕೊಸರಿಕೊಂಡು ರಸ್ತೆಯ ಕಡೆ ಓಡಲು ನೋಡುತ್ತಿದ್ದರು. ಉಮಾವತಿ ಸುಮ್ಮನೆ ನೋಡಿದಳು. ಒದ್ದಾಡಲಿ ಎಂದುಕೊಂಡಳು. ಮನೆಯಲ್ಲಿದ್ದದ್ದೆಲ್ಲ ಟ್ರಂಕಿನ ಜೊತೆ ಹೋಗಿತ್ತು, ಆ ಒಂದು ಮಾತು ಅವಳ ಹತ್ತಿರ ಉಳಿದಿತ್ತು, ಅದನ್ನೂ ಇವನಿಗೆ ಯಾಕೆ ಕೊಡಬೇಕು? ವಾಸುವಿನ ಕಾಲು ತಡವರಿಸಿತು. ಅವಳಿಗೆ ತಡೆಯಲಾಗಲಿಲ್ಲ, ಹತ್ತಿರ ಹೋಗಿ ಧನರಾಜನಿಗೆ ಹೇಳಿದಳು.

"ಬೋಟು ಇಲ್ಲ ಅಂತ ಹೇಳ್ಬೇಡ. ಇನ್ನೂ ಬರ್ಲಿಲ್ಲ, ಕೂತ್ಕೊಳ್ಳಿ ಅಂತ ಹೇಳು."

ಅವನು ಅವಳ ಕಡೆ ನೋಡಲಿಲ್ಲ. ಅಪ್ಪನ ಕಡೆ ತಿರುಗಿ, ಇನ್ನೂ ಬರ್ಲಿಲ್ಲ ಅಪ್ಪ, ಕೂತ್ಕೊಳ್ಳಿ ಎಂದ. ವಾಸು ವ್ಯಾನು ಹತ್ತಿ ಕಿಟಕಿಯ ಹತ್ತಿರ ಕೂತರು. ವ್ಯಾನು ಹೋಯಿತು. ಅವರಿಬ್ಬರೂ ಬೇರೆ ಬೇರೆ ದಿಕ್ಕಿಗೆ ನಡೆದರು.

ಅದರ ಮರುದಿನ ಬೆಳಗ್ಗೆ ಉಮಾವತಿ ಮಾರ್ಕೆಟ್ಟಿಗೆ ಹೊರಟಳು. ಬಾಗಿಲು ಎಳೆದು, ಬೀಗ ಹಾಕಿ, ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿ, ಓಣಿಯ ತಿರುವಿನಲ್ಲಿ ರೂಢಿಯಂತೆ ಒಂದು ಗಳಿಗೆ ನಿಂತಳು. ಬಡಿತವಿಲ್ಲ, ಬೈಗುಳವಿಲ್ಲ. ಯಾರ ಮನೆಯಲ್ಲೋ ಮಿಕ್ಸಿ ತಿರುಗುತ್ತಿತ್ತು. ಅವಳು ಡ್ಯಾಫ್ನಿಗೆ ಬೈದಳು, ಧನರಾಜನಿಗೆ ಬೈದಳು, ಅಕ್ಕನ ಮಗಳು ಲೆಕ್ಕಕ್ಕಿಲ್ಲ ಎಂದವರಿಗೆ ಬೈದಳು, ಮಾವ ಬೈಯುತ್ತಿದ್ದ ಅದೇ ಬೈಗುಳಗಳಲ್ಲಿ. ಆಮೇಲೆ ತಿರುಗಿ ಬಂದು ಬೀಗ ತೆಗೆದು, ಬಾಗಿಲನ್ನು ಅಗಲವಾಗಿ ತೆರೆದಿಟ್ಟು ಹೋದಳು. ಕಳ್ಳರು ಬರುವುದಿದ್ದರೆ ಬರಲಿ. ಆ ಮನೆಯಿಂದ ಕೊಂಡುಹೋಗುವಂಥದ್ದನ್ನು ಆಗಲೇ ಕೊಂಡುಹೋಗಿ ಆಗಿತ್ತು.